ಲಾಕಿಗೆ ಜಾಗವಿಲ್ಲದ ಮದರ್‌ಬೋರ್ಡ್

ಹೊಳೆನರಸೀಪುರದ ನಮ್ಮ ಮನೆಯ ಮುಂದಿನ ಕೋಣೆಗೆ ನಾವು ಬರಿಗಾಲಲ್ಲಿ ಹೋಗುತ್ತಿದ್ದೆವು, ಹೊರಗಿನವರು ಚಪ್ಪಲಿ ಹಾಕಿಕೊಂಡೇ ಬರುತ್ತಿದ್ದರು. ಆ ಕೋಣೆ ಮನೆಗೂ ಸೇರಿದ್ದು, ಬೀದಿಗೂ ಸೇರಿದ್ದು. ಅಪ್ಪ ಮೊದಲು ಅಲ್ಲಿ ಟೈಪ್‌ರೈಟರುಗಳನ್ನು ಸಾಲಾಗಿಟ್ಟು ಟೈಪಿಂಗ್ ಕಲಿಸುತ್ತಿದ್ದರಂತೆ. ನನಗೆ ನೆನಪು ಕೂಡುವ ಹೊತ್ತಿಗೆ ಅವೆಲ್ಲ ಹೋಗಿ ಒಂದು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಜೆರಾಕ್ಸ್ ಯಂತ್ರ ಬಂದಿದ್ದವು. ಆದರೂ ಊರಿನವರ ಬಾಯಲ್ಲಿ ಅಪ್ಪ ಟೈಪಿಂಗ್ ಮೇಷ್ಟ್ರಾಗಿಯೇ ಉಳಿದರು. ಲಗ್ನಪತ್ರಿಕೆ, ಗೃಹಪ್ರವೇಶದ ಕರೆಯೋಲೆ, ಶಿವಗಣಾರಾಧನೆಯ ಕಾರ್ಡು, ತಾಲ್ಲೂಕು ಕಚೇರಿಗೆ ಕೊಡುವ ಅರ್ಜಿ, ಎಲ್ಲ ಆ ಕೋಣೆಯಲ್ಲೇ ಅಕ್ಷರವಾಗಬೇಕು. ಬಾಗಿಲಿಗೆ ಕಟ್ಟಿದ್ದ ಪರದೆ ಸರಿಸಿದರೆ ನಡುಮನೆ, ಅದರಾಚೆ ಅಡುಗೆಮನೆ. ಪರದೆಯ ಈಚೆಗೆ ಕೀಲಿಮಣೆಯ ಸದ್ದು, ಆಚೆಗೆ ಒಗ್ಗರಣೆಯ ಸದ್ದು. ನನ್ನ ಎಳೆತನವೆಲ್ಲ ಆ ಪರದೆಯ ಎರಡು ಬದಿಗೂ ಓಡಾಡುತ್ತ, ಈ ಬದಿಯ ಮಾತನ್ನು ಆ ಬದಿಗೆ ಮುಟ್ಟಿಸುತ್ತ ಕಳೆಯಿತು. ಯಾವ ಮಾತನ್ನು ಮುಟ್ಟಿಸಬೇಕು, ಯಾವುದನ್ನು ನುಂಗಬೇಕು ಎಂಬುದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಕೀಲಿಮಣೆಯ ಮುಂದೆ ಕೂರುತ್ತಿದ್ದವಳು ಅಪ್ಪನ ತಂಗಿ ಸರ್ವಮಂಗಳಾ, ನನ್ನ ಮಂಗಳತ್ತೆ. ಅವಳನ್ನು ಅರಕಲಗೂಡಿಗೆ ಕೊಟ್ಟಿದ್ದರು. ಮದುವೆಯಾಗಿ ನಾಲ್ಕು ವರ್ಷಕ್ಕೆ ಗಂಡ ಇನ್ನೊಬ್ಬಳನ್ನು ಮನೆಗೆ ಕರೆತಂದ. ಅತ್ತೆ ಒಂದು ಟ್ರಂಕು ಹಿಡಿದು ತವರಿಗೆ ಬಂದಳು, ಮತ್ತೆ ಆ ಮನೆಯ ಕಡೆ ಮುಖ ಹಾಕಲಿಲ್ಲ. ಬಂದ ಹೊಸದರಲ್ಲಿ ಯಾರ ಕಣ್ಣಿಗೂ ಬೀಳದ ಹಾಗೆ ಹಿತ್ತಲ ಬಾಗಿಲಲ್ಲೇ ಕೂತಿರುತ್ತಿದ್ದಳಂತೆ. ಅಪ್ಪ ಅವಳನ್ನು ಎಬ್ಬಿಸಿಕೊಂಡು ಬಂದು ಕನ್ನಡ ಟೈಪಿಂಗ್ ಕಲಿಸಿದರು. ವರ್ಷ ತುಂಬುವುದರೊಳಗೆ ಅವಳು ಅಪ್ಪನನ್ನೇ ಮೀರಿಸಿದಳು. ಒತ್ತಕ್ಷರ ತಪ್ಪುತ್ತಿರಲಿಲ್ಲ, ಕಣ್ಣು ಕಾಗದದ ಮೇಲಿದ್ದರೆ ಬೆರಳು ತಮ್ಮ ಪಾಡಿಗೆ ನಡೆಯುತ್ತಿದ್ದವು. ಗಿರಾಕಿಗಳು 'ಆಶಿರ್ವಾದ' ಎಂದು ಬರೆದುಕೊಂಡು ಬಂದರೆ ಅವರಿಗೆ ಹೇಳದೆಯೇ 'ಆಶೀರ್ವಾದ' ಮಾಡುತ್ತಿದ್ದಳು. ಕ್ರಮೇಣ ಬಾಗಿಲಲ್ಲಿ ನಿಂತವರು "ಮೇಷ್ಟ್ರಿಲ್ವಾ" ಎನ್ನುವುದನ್ನು ಬಿಟ್ಟು "ಮೇಡಮ್ಮೋರು ಅವ್ರಾ" ಎಂದು ಕೇಳತೊಡಗಿದರು. ಗಂಡ ಬಿಟ್ಟವಳು ಎಂಬ ಮಾತು ಆ ಕೋಣೆಯ ಹೊಸ್ತಿಲ ಹೊರಗೇ ನಿಲ್ಲುತ್ತಿತ್ತು.

ಪ್ರತಿದಿನ ಬೆಳಗ್ಗೆ ಅತ್ತೆ ಸ್ನಾನ ಮಾಡಿ, ಇಷ್ಟಲಿಂಗದ ಪೂಜೆ ಮುಗಿಸಿ, ವಿಭೂತಿ ಧರಿಸಿ, ದೇವರ ಗೂಡಿನಿಂದ ಒಂದು ಪುಟ್ಟ ಸ್ಟೀಲ್ ಡಬ್ಬಿಯನ್ನು ತೆಗೆಯುತ್ತಿದ್ದಳು. ಅದರೊಳಗೆ ಲಾಕು ಇರುತ್ತಿತ್ತು. ಲಾಕೆಂದರೆ ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲಾಸ್ಟಿಕ್ ತುಂಡು, ಅದರ ಒಂದು ಬದಿಗೆ ಎರಡು ಸಾಲು ಸಣ್ಣ ಪಿನ್ನುಗಳು. ಕಂಪ್ಯೂಟರಿನ ಬೆನ್ನಲ್ಲಿ, ಹಿಂದಿನ ಕಾಲದ ಪ್ರಿಂಟರುಗಳ ತಂತಿ ಸಿಕ್ಕಿಸಲು ಒಂದು ಅಗಲವಾದ ಪೋರ್ಟು ಇರುತ್ತಿತ್ತು. ಅಲ್ಲಿಗೆ ಈ ಲಾಕನ್ನು ಸಿಕ್ಕಿಸಿದರೆ ಮಾತ್ರ ನಮ್ಮ ಕನ್ನಡದ ತಂತ್ರಾಂಶ ತೆರೆದುಕೊಳ್ಳುತ್ತಿತ್ತು. ಯಾರೂ ನಕಲು ಮಾಡಿಕೊಳ್ಳದಿರಲೆಂದು ಅದನ್ನು ತಯಾರಿಸಿದವರು ಇಟ್ಟಿದ್ದ ಕಾವಲು ಅದು. ಲಾಕು ಇಲ್ಲದಿದ್ದರೆ ಅತ್ತೆ ವರ್ಷಗಟ್ಟಲೆ ಟೈಪ್ ಮಾಡಿದ್ದೆಲ್ಲ ಕಂಪ್ಯೂಟರಿನ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿಯಾಗಿ ಕಾಣುತ್ತಿತ್ತು. ಸಂಜೆ ಕೆಲಸ ಮುಗಿದ ಮೇಲೆ ಅವಳು ಅದನ್ನು ಕಳಚಿ, ಸೆರಗಿನಲ್ಲಿ ಒರೆಸಿ, ಮತ್ತೆ ದೇವರ ಗೂಡಿಗೆ ಸೇರಿಸುತ್ತಿದ್ದಳು. ಅಮ್ಮನಿಗೆ ಇದನ್ನು ಕಂಡರೆ ಮೈ ಉರಿಯುತ್ತಿತ್ತು.

ಅಮ್ಮನನ್ನು ಕೆಟ್ಟವಳೆಂದು ಬರೆದರೆ ನನಗೆ ಅನ್ನ ಹುಟ್ಟುವುದಿಲ್ಲ. ಅವಳೂ ಅಪ್ಪನ ಶಿಷ್ಯೆಯೇ. ಇಂಗ್ಲಿಷ್ ಟೈಪಿಂಗ್ ಸೀನಿಯರ್ ಪರೀಕ್ಷೆ ಪಾಸು ಮಾಡಿದ್ದಳು, ಅಪ್ಪನೇ ಮೆಚ್ಚಿ ಮದುವೆಯಾದರು. ಮದುವೆಯಾದ ಮಾರನೆಯ ವಾರ ಅಜ್ಜಿ ಅವಳ ಕೈಗೆ ಮುದ್ದೆ ತಿರುವುವ ಕೋಲು ಕೊಟ್ಟರಂತೆ. ಅಲ್ಲಿಂದ ಮುಂದೆ ಅವಳು ಯಂತ್ರ ಮುಟ್ಟಲಿಲ್ಲ. ಬೆಳಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಮುದ್ದೆ, ಹುರುಳಿಕಟ್ಟಿನ ಸಾರು, ಸಂಜೆ ಬಂದು ಹೋಗುವವರಿಗೆ ಕಾಫಿ. ಅತ್ತೆ ಬೆಳಗಿನ ಕೆಲಸಕ್ಕೆ ಕೈಜೋಡಿಸುತ್ತಿದ್ದಳು ನಿಜ, ಆದರೆ ಅಂಗಡಿಯ ಬಾಗಿಲು ತೆರೆದ ಮೇಲೆ ಅಡುಗೆಮನೆ ಅಮ್ಮನೊಬ್ಬಳದೇ. ಒಲೆಯ ಮುಂದೆ ಕೂತು ಅವಳು ನನಗೆ ಹೇಳುತ್ತಿದ್ದ ಮಾತು ಇವತ್ತಿಗೂ ಕಿವಿಯಲ್ಲಿದೆ.

"ಒಳಗೆ ನಾನು ಬೆವರು ಸುರಿಸ್ಬೇಕು, ಹೊರಗೆ ಅವ್ಳು ಫ್ಯಾನ್ ಕೆಳಗೆ ಮೇಡಂ ಅನ್ನಿಸ್ಕಬೇಕು. ನಂಗೂ ಬೆರಳವೆ ಕಣೆ."

ದಿನಾ ಇದನ್ನು ಕೇಳುತ್ತ ಬೆಳೆದ ನನಗೆ ಅತ್ತೆಯ ಮೇಲೆ ಒಳಗೊಳಗೇ ಒಂದು ಅಸಮಾಧಾನ ಕಟ್ಟಿಕೊಂಡಿತ್ತು. ಅದಕ್ಕೆ ನನ್ನದೇ ಕಾರಣವೂ ಒಂದಿತ್ತು. ಶಾಲೆಯ ಗ್ರಂಥಾಲಯಕ್ಕೆ ಬರುತ್ತಿದ್ದ ಕಂಪ್ಯೂಟರ್ ಪತ್ರಿಕೆಯನ್ನು ನಾನು ಮೊದಲ ಪುಟದಿಂದ ಕೊನೆಯ ಜಾಹೀರಾತಿನವರೆಗೆ ಓದುತ್ತಿದ್ದೆ. ಊರೆಲ್ಲ ಆ ಪೆಟ್ಟಿಗೆಯನ್ನೇ ಸಿಪಿಯು ಎನ್ನುತ್ತಿದ್ದಾಗ, ಸಿಪಿಯು ಎಂದರೆ ಒಳಗಿನ ಬೆರಳಗಲದ ಪ್ರೊಸೆಸರ್ ಚಿಪ್ಪು ಎಂದು ತಿಳಿದಿದ್ದವಳು ನಾನೊಬ್ಬಳೇ ಎಂಬ ಜಂಬ ನನಗಿತ್ತು. ಪ್ರೋಗ್ರಾಮ್ ಬರೆಯುವುದನ್ನು ಕಲಿಯಬೇಕೆಂಬ ಹುಚ್ಚು ಹತ್ತಿತ್ತು. ಆದರೆ ಯಂತ್ರ ನನಗೆ ಸಿಗುತ್ತಿದ್ದುದು ಸಂಜೆ ಅತ್ತೆ ಎದ್ದ ಮೇಲೆ ಅರ್ಧ ಗಂಟೆ. ಅದರಲ್ಲಿ ಕಾಲು ಗಂಟೆ ಅದು ಎದ್ದು ಕೂರುವುದಕ್ಕೇ ಹೋಗುತ್ತಿತ್ತು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಆ ಯಂತ್ರ ಕಾಯಿಲೆ ಬಿತ್ತು. ಟೈಪ್ ಮಾಡುತ್ತ ಮಾಡುತ್ತ ಇದ್ದಕ್ಕಿದ್ದಂತೆ ನಿಂತುಬಿಡುವುದು, ಮತ್ತೆ ಎಬ್ಬಿಸಿದರೆ ಕೂಗುವುದು. ಅದನ್ನು ಜೋಡಿಸಿಕೊಟ್ಟಿದ್ದ ಲೋಕೇಶಣ್ಣ ಚನ್ನರಾಯಪಟ್ಟಣದವರು. ಅಲ್ಲಿ ಒಂದು ಸಣ್ಣ ರಿಪೇರಿ ಅಂಗಡಿ ಇಟ್ಟುಕೊಂಡು, ವಾರಕ್ಕೊಮ್ಮೆ ಬೈಕಿನಲ್ಲಿ ನಮ್ಮೂರಿಗೆ ಬರುತ್ತಿದ್ದರು. ಪೆಟ್ಟಿಗೆ ಬಿಚ್ಚಿ ಟಾರ್ಚು ಬಿಟ್ಟು ನೋಡಿದರು.

"ಮದರ್‌ಬೋರ್ಡು ಹೋಯ್ತು ಸಾ. ನೋಡಿ, ಈ ಕೆಪಾಸಿಟರ್‌ಗಳು ಹೊಟ್ಟೆ ಊದ್ಕಂಡವೆ. ಇನ್ನೊಂದು ತಿಂಗಳು ಎಳೆದ್ರೆ ಹೆಚ್ಚು."

"ಬೋರ್ಡ್ ಒಂದನ್ನೇ ಬದಲಾಯಿಸ್ಬೋದೇನಪ್ಪಾ?" ಎಂದರು ಅಪ್ಪ.

"ಈ ಪ್ರೊಸೆಸರ್ ಕೂರೋ ಬೋರ್ಡು ಈಗ ಎಲ್ಲಿ ಸಿಕ್ತದೆ? ಬೋರ್ಡು ಬದಲಾದ್ರೆ ಪ್ರೊಸೆಸರೂ ಬದಲಾಗ್ಬೇಕು. ಗಂಡಿನ ಜಾತ್ಕ, ಹೆಣ್ಣಿನ ಜಾತ್ಕ ಎರಡೂ ಕೂಡ್ಸಿ ನೋಡ್ದಂಗೆ ಇದು. ಒಂದನ್ನೇ ನೋಡಿ ತರಂಗಿಲ್ಲ. ಹಾಸನಕ್ಕೆ ಓಗಿ ಒಂದು ಒಳ್ಳೆ ಜೋಡಿ ತಗಬನ್ನಿ, ನಾನು ಕೂರಿಸ್ಕೊಡ್ತೀನಿ."

ಅವತ್ತು ಸಂಜೆ ಊಟಕ್ಕೆ ಕೂತಾಗ ಇದೇ ಮಾತು. ಅಪ್ಪನಿಗೆ ಟೈಪ್‌ರೈಟರಿನ ಪ್ರತಿ ಸ್ಪ್ರಿಂಗೂ ಗೊತ್ತು, ಕಂಪ್ಯೂಟರಿನ ಒಳಗು ಮಾತ್ರ ಅವರಿಗೆ ಕತ್ತಲೆ. ನಾನು ಪತ್ರಿಕೆಯಿಂದ ಬರೆದುಕೊಂಡಿದ್ದ ಪಟ್ಟಿ ತಂದು ಓದಿದೆ. ಒಳಗೆ ಒಟ್ಟಿಗೆ ದುಡಿಯುವ ಕೋರುಗಳು ಎಷ್ಟು, ವೇಗ ಎಷ್ಟು, ಕೊಟ್ಟ ದುಡ್ಡಿಗೆ ಯಾವುದು ಹೆಚ್ಚು ಬಾಳುತ್ತದೆ ಎಂದು ಗಟ್ಟಿಯಾಗಿ ವಿವರಿಸಿದೆ. ಅಪ್ಪ ಹೆಮ್ಮೆಯಿಂದ ಕೇಳಿಸಿಕೊಂಡರು. ಬಡಿಸುತ್ತಿದ್ದ ಅಮ್ಮನೂ ನಿಂತು ಕೇಳಿದಳು. ಅತ್ತೆ ಮಾತ್ರ ತಟ್ಟೆಯ ಕಡೆ ನೋಡುತ್ತ ಮೆಲ್ಲಗೆ ಕೇಳಿದಳು.

"ಅಣ್ಣಾ, ನಾನೂ ಬತ್ತೀನಿ ಹಾಸನಕ್ಕೆ. ದಿನಾ ಕೂರೋಳು ನಾನಲ್ವಾ."

ಅಮ್ಮ ಸೌಟನ್ನು ಪಾತ್ರೆಗೆ ಬಿಟ್ಟಳು. "ನೀವೂ ಹೋದ್ರೆ ಅಂಗಡಿ ಯಾರು ನೋಡ್ಕತಾರೆ? ಬಂದೋರ್ಗೆ ನಾನು ಉತ್ರ ಹೇಳ್ಲಾ?"

ಆಗ ನಾನು ಬಾಯಿ ಹಾಕಿದೆ. "ಅತ್ತೆಗೆ ಅಲ್ಲಿ ಏನು ಅರ್ಥ ಆಗುತ್ತೆ? ಅತ್ತೆ ಟೈಪ್ ಮಾಡೋದಷ್ಟೆ."

ಯಾರೂ ನನ್ನನ್ನು ಗದರಲಿಲ್ಲ. ಅಮ್ಮನ ಮುಖದಲ್ಲಿ ಒಂದು ಸಣ್ಣ ತೃಪ್ತಿ ಮೂಡಿದ್ದನ್ನು ನಾನು ಕಂಡೆ, ಅದಕ್ಕೇ ಆ ಮಾತಾಡಿದ್ದೆನೋ ಏನೋ. ಅತ್ತೆ ಮುದ್ದೆಯ ಕೊನೆಯ ತುತ್ತನ್ನು ನಿಧಾನವಾಗಿ ಮುಗಿಸಿ, ಕೈ ತೊಳೆದು ಬಂದು, ದೇವರ ಗೂಡಿನ ಡಬ್ಬಿಯನ್ನೇ ತಂದು ನನ್ನ ಮುಂದಿಟ್ಟಳು.

"ಇದನ್ನ ತಗಂಡೋಗು ಮಗ. ಅಂಗಡಿಯೋರ ಕೈಗೆ ಕೊಟ್ಟು, ಇದು ಕೂರೋ ಜಾಗ ಇರೋ ಬೋರ್ಡೇ ಬೇಕು ಅನ್ನು. ಬೇರೆ ಏನಾರ ಇರ್ಲಿ ಬುಡ್ಲಿ. ಅರಕಲಗೂಡು ಇಸ್ಕೂಲಿನ ಪುಸ್ತಕ ಬ್ಯಾರೆ ಅರ್ಧಕ್ಕೆ ನಿಂತದೆ."

ಅರಕಲಗೂಡಿನ ಒಂದು ಶಾಲೆಯವರು ತಮ್ಮ ಸ್ಮರಣ ಸಂಚಿಕೆಯ ಕೆಲಸ ಕೊಟ್ಟಿದ್ದರು. ಇನ್ನೂರು ಪುಟಕ್ಕೂ ಮೀರಿದ ಕೆಲಸ. ಗಂಡನ ಊರಿನವರೇ ಹುಡುಕಿಕೊಂಡು ಬಂದು ತನಗೆ ಕೊಟ್ಟರೆಂದು ಅತ್ತೆಗೆ ಅದರ ಮೇಲೆ ಬಹಳ ಅಕ್ಕರೆ. ಪುಟ ಪುಟವನ್ನೂ ಎರಡೆರಡು ಸಲ ತಿದ್ದುತ್ತಿದ್ದಳು.

ಭಾನುವಾರ ಬಿಟ್ಟು ಸೋಮವಾರ, ಶಾಲೆಗೆ ರಜೆ ಹಾಕಿಸಿ ಅಪ್ಪ ನನ್ನನ್ನು ರೈಲಿನಲ್ಲಿ ಹಾಸನಕ್ಕೆ ಕರೆದುಕೊಂಡು ಹೋದರು. ಡಬ್ಬಿ ನನ್ನ ಶಾಲೆಯ ಚೀಲದಲ್ಲಿತ್ತು. ನಾವು ಹೋದ ಅಂಗಡಿಯವರು ನಿಧಾನದ ಮನುಷ್ಯ. ನನ್ನ ಪಟ್ಟಿ ನೋಡಿ ನಗಲಿಲ್ಲ, ದೊಡ್ಡವರ ಜೊತೆ ಮಾತಾಡಿದಂತೆ ಮಾತಾಡಿದರು. ಗಾಜಿನ ಮೇಲೆ ಎರಡು ಜೋಡಿ ಇಟ್ಟರು. ಮೊದಲನೆಯದರಲ್ಲಿ ಬೋರ್ಡು ದೊಡ್ಡದು, ಗಟ್ಟಿಮುಟ್ಟು, ಹಳೆಯ ಕಾಲದ ಪೋರ್ಟುಗಳೂ ಹೊಸವೂ ಎಲ್ಲ ಇದ್ದವು, ಆದರೆ ಅದರ ಜೊತೆಗಿನ ಪ್ರೊಸೆಸರ್ ಒಂದೇ ಕೋರಿನದು, ಸಾಧಾರಣ. ಎರಡನೆಯದರಲ್ಲಿ ಪ್ರೊಸೆಸರ್ ಎರಡು ಕೋರಿನದು, ನಾನು ಪತ್ರಿಕೆಯಲ್ಲಿ ಓದಿ ಓದಿ ಬಾಯಿಪಾಠ ಮಾಡಿಕೊಂಡಿದ್ದಂಥದ್ದು, ಬೋರ್ಡು ಮಾತ್ರ ಚಿಕ್ಕದು, ತೆಳ್ಳಗೆ. ಎರಡು ಜೋಡಿಗೂ ಬೆಲೆ ಹೆಚ್ಚುಕಡಿಮೆ ಒಂದೇ.

"ಆಫೀಸ್ ಕೆಲಸಕ್ಕಾದ್ರೆ ಇದು ಸಾಕು ಸಾ," ಎಂದು ಅವರು ಮೊದಲನೆಯದನ್ನು ತೋರಿಸಿದರು. "ಬೋರ್ಡ್ ಚೆನ್ನಾಗಿದ್ರೆ ವರ್ಷಗಟ್ಟಲೆ ಬರುತ್ತೆ. ಮಗಳು ಓದೋಕೆ, ಪ್ರೋಗ್ರಾಮ್ ಅದೂ ಇದೂ ಮಾಡೋಕಾದ್ರೆ ಎರಡನೇದು. ಏನು ಕೆಲಸ ನಿಮ್ದು?"

ಅಪ್ಪ ನನ್ನ ಕಡೆ ನೋಡಿದರು. "ನೀನೇ ಹೇಳವ್ವಾ."

"ಎರಡನೇದು," ಎಂದೆ.

ಅಂಗಡಿಯವರು ಬೋರ್ಡನ್ನು ತಿರುಗಿಸಿ ಅದರ ಅಂಚನ್ನು ತೋರಿಸಿದರು. "ಇದ್ರಲ್ಲಿ ಹಳೇ ಪ್ರಿಂಟರ್ ಪೋರ್ಟ್ ಬರಲ್ಲ, ನೋಡ್ಕೊಳ್ಳಿ. ಅದಕ್ಕೆ ಹಾಕೋದು ಏನಾದ್ರೂ ಇದ್ಯಾ?"

ಆ ಗಳಿಗೆಯನ್ನು ನಾನು ಎಷ್ಟು ಸಲ ತಿರುವಿ ನೋಡಿದ್ದೇನೋ. ಚೀಲ ನನ್ನ ತೊಡೆಯ ಮೇಲಿತ್ತು. ಡಬ್ಬಿಯ ಮುಚ್ಚಳದ ಅಂಚು ಬಟ್ಟೆಯ ಮೂಲಕ ಬೆರಳಿಗೆ ತಾಗುತ್ತಿತ್ತು. ಅದನ್ನು ತೆಗೆದರೆ ಮೊದಲನೆಯ ಜೋಡಿಯನ್ನೇ ಕೊಳ್ಳಬೇಕು, ಎರಡು ಕೋರಿನ ಪ್ರೊಸೆಸರ್ ಗಾಜಿನ ಆಚೆಗೇ ಉಳಿಯುತ್ತದೆ ಎಂಬುದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ವಿಭೂತಿಯ ವಾಸನೆ ಹೊಡೆಯುವ ಸ್ಟೀಲ್ ಡಬ್ಬಿಯೊಂದನ್ನು ಆ ಅಂಗಡಿಯಲ್ಲಿ ಬಿಚ್ಚಲು ನಾಚಿಕೆಯೂ ಆಯಿತು. ಆದರೆ ನಾಚಿಕೆಯನ್ನು ಮುಂದಿಟ್ಟು ತಪ್ಪಿಸಿಕೊಳ್ಳಲಾರೆ.

"ನಮ್ಮ ಪ್ರಿಂಟರ್ ಯುಎಸ್‌ಬಿ," ಎಂದೆ. ಅದು ಸುಳ್ಳಲ್ಲ. "ಅದಕ್ಕೆ ಹಾಕೋದು ಏನೂ ಇಲ್ಲ," ಎಂದೆ. ಅದು ಸುಳ್ಳು.

ಅಪ್ಪ ಆಗ ಬಾಗಿಲ ಬಳಿ ಪರಿಚಯದವರೊಬ್ಬರಿಗೆ ನಮಸ್ಕಾರ ಹೇಳುತ್ತಿದ್ದರು.

ಮನೆಗೆ ಬಂದಾಗ ಅತ್ತೆ ಹೊಸ್ತಿಲಲ್ಲೇ ಕೇಳಿದಳು, "ತೋರಿಸ್ದಾ?" ನಾನು ಡಬ್ಬಿಯನ್ನು ಅವಳ ಕೈಗಿಟ್ಟು, "ತೋರಿಸ್ದೆ, ಆಗುತ್ತೆ ಅಂದ್ರು," ಎಂದೆ. ಎಷ್ಟು ಸಲೀಸಾಗಿ ಹೇಳಿದೆನೆಂದರೆ, ಹೇಳಿದ ಮೇಲೆ ನನಗೇ ಸ್ವಲ್ಪ ನಂಬಿಕೆ ಬಂತು. ಹೇಗಾದರೂ ಆದೀತು, ಲೋಕೇಶಣ್ಣ ಏನಾದರೂ ಮಾಡಿಯಾರು ಎಂದುಕೊಂಡೆ.

ಅದೇ ವಾರ ಲೋಕೇಶಣ್ಣ ಬಂದು ಹೊಸ ಬೋರ್ಡನ್ನು ಪೆಟ್ಟಿಗೆಗೆ ಕೂರಿಸಿದರು. ಗುಂಡಿ ಒತ್ತಿದ ಕ್ಷಣಕ್ಕೆ ಯಂತ್ರ ಎದ್ದು ಕೂತಿತು. ಅಪ್ಪ ಚಪ್ಪಾಳೆ ತಟ್ಟಿದರು, ಅಮ್ಮ ಪರದೆ ಸರಿಸಿ ಬಂದು ನೋಡಿದಳು. ಅತ್ತೆ ಡಬ್ಬಿಯಿಂದ ಲಾಕು ತೆಗೆದು ಪೆಟ್ಟಿಗೆಯ ಹಿಂದೆ ಬಗ್ಗಿದಳು. ಬಗ್ಗಿದವಳು ಬಹಳ ಹೊತ್ತು ಏಳಲಿಲ್ಲ. ಕೈಯಲ್ಲಿ ತಡವುತ್ತಲೇ ಇದ್ದಳು.

"ಲೋಕೇಶಾ, ಜಾಗ ಕಾಣ್ತಿಲ್ವಲ್ಲ."

ಲೋಕೇಶಣ್ಣ ನೋಡಿ ನಾಲಿಗೆ ಕಚ್ಚಿಕೊಂಡರು. ಯುಎಸ್‌ಬಿಗೆ ಹಾಕುವ ಒಂದು ತಂತಿ ತಂದು ನೋಡಿದರು, ಅದು ಪ್ರಿಂಟರಿಗೆ ಮಾತ್ರ ಆಗುವಂಥದ್ದು, ಲಾಕನ್ನು ಗುರುತಿಸಲಿಲ್ಲ. ಮಾರನೆಯ ದಿನ ಬೋರ್ಡಿನ ಮೇಲೆ ಸಿಕ್ಕಿಸುವ ಒಂದು ಕಾರ್ಡು ತಂದರು, ಅದರಲ್ಲೂ ತಂತ್ರಾಂಶ ಬಾಯಿ ಬಿಡಲಿಲ್ಲ. ತಯಾರಿಸಿದವರಿಗೆ ಅಪ್ಪ ಫೋನು ಮಾಡಿದರೆ, ಆ ಹಳೆಯ ಲಾಕುಗಳನ್ನು ಬದಲಿಸಿಕೊಡುವುದನ್ನು ನಿಲ್ಲಿಸಿ ಬಹಳ ಕಾಲವಾಯಿತೆಂಬ ಉತ್ತರ ಬಂತು. ಹಳೆಯ ಬೋರ್ಡು ಅಷ್ಟರಲ್ಲಿ ಪೂರ್ತಿ ಸತ್ತಿತ್ತು. ಅಪ್ಪ ಎರಡು ಸಲ ನನ್ನನ್ನು ಕೇಳಿದರು, "ನೀನು ತೋರಿಸಿದ್ದು ಖಂಡಿತ ತಾನೇ?" ಎರಡು ಸಲವೂ ಹೂಂ ಎಂದೆ. ಹಾಗಾದರೆ ತಪ್ಪು ಎಲ್ಲಿಯದು? ಅದಕ್ಕೆ ಉತ್ತರ ಕೊಟ್ಟವಳು ಅಮ್ಮ. ಅವತ್ತು ಅರಕಲಗೂಡಿನ ಶಾಲೆಯ ಮೇಷ್ಟ್ರು ಪುಟಗಳನ್ನು ನೋಡಲೆಂದು ಬಂದು ಮುಂದಿನ ಕೋಣೆಯಲ್ಲಿ ಕೂತಿದ್ದರು. ಅವರಿಗೆ ಕೇಳುವ ಹಾಗೆಯೇ ಅಮ್ಮ ಪರದೆಯ ಹಿಂದಿನಿಂದ ಹೇಳಿದಳು.

"ಬೋರ್ಡಿಂದೇನು ತಪ್ಪು? ಲಾಕೇ ಕೆಟ್ಟೋಗದೆ. ದಿನಾ ಬೆಳಗ್ಗೆ ಸಿಕ್ಕಿಸಾದು, ಸಂಜೆ ಕೀಳಾದು, ಒರೆಸಿ ಪೂಜೆ ಮಾಡಾದು. ಕಬ್ಬಿಣ ಆಗಿದ್ರೂ ಸವ್ದೋಗ್ತಿತ್ತು. ಮಗೀನ ಮೇಲೆ ಯಾಕೆ ಹಾಕ್ತೀರಾ?"

ಮೇಷ್ಟ್ರು ಎದ್ದು ನಿಂತರು. ಅತ್ತೆ ನನ್ನ ಕಡೆ ತಿರುಗಿದಳು. ಹೇಳಲು ನನಗೆ ಒಂದು ನಿಮಿಷ ಪೂರ್ತಿ ಸಿಕ್ಕಿತ್ತು. ನಾನು ಜೆರಾಕ್ಸ್ ಯಂತ್ರದ ಮೇಲಿನ ಧೂಳನ್ನು ಬೆರಳಿನಿಂದ ಒರೆಸುತ್ತ ನಿಂತೆ.

ಮಾರನೆಯ ಬೆಳಗ್ಗೆ ಅತ್ತೆ ಲಾಕನ್ನೂ ಹಳೆಯ ಹಾರ್ಡ್ ಡಿಸ್ಕನ್ನೂ ಚೀಲಕ್ಕೆ ಹಾಕಿಕೊಂಡು ಚನ್ನರಾಯಪಟ್ಟಣದ ಬಸ್ಸು ಹತ್ತಿದಳು. ಲೋಕೇಶಣ್ಣನ ಅಂಗಡಿಯಲ್ಲಿ ರಿಪೇರಿಗೆ ಬಂದು ಉಳಿದುಹೋಗಿದ್ದ ಒಂದು ಹಳೆಯ ಯಂತ್ರವಿತ್ತು, ಅದರ ಬೆನ್ನಲ್ಲಿ ಆ ಅಗಲ ಪೋರ್ಟೂ ಇತ್ತು. ಲಾಕು ಸಿಕ್ಕಿಸಿದ ಕೂಡಲೇ ತಂತ್ರಾಂಶ ತೆರೆದುಕೊಂಡಿತಂತೆ. ಸಂಜೆ ಬಂದು ಅಷ್ಟನ್ನೇ ಹೇಳಿದಳು, "ಲಾಕು ಸರ್ಯಾಗದೆ ಅಣ್ಣಾ." ಅಮ್ಮ ಕೇಳಿಸದವಳಂತೆ ಪಾತ್ರೆ ಬೆಳಗುತ್ತಿದ್ದಳು. ಒಂದು ವಾರ ಅತ್ತೆ ಹೀಗೆ ಬಸ್ಸಿನಲ್ಲಿ ಹೋಗಿ ಬಂದು ಮಾಡಿದಳು. ಒಂದು ಸಂಜೆ ಬಸ್ಸು ತಡವಾಯಿತು, ಅಮ್ಮ "ಗಂಡನ ಮನೇಲಿ ಬಾಳ್ದೋರು ಹೊತ್ತಿಗೆ ಸರ್ಯಾಗಿ ಮನೆ ಸೇರ್ತಾರೆ" ಎಂದಳು. ಗಂಡ ಬಿಟ್ಟವಳೆಂಬ ಮಾತು ಹೊಸ್ತಿಲು ದಾಟಿ ಕೋಣೆಯೊಳಗೆ ಬಂದದ್ದು ಅದೇ ಮೊದಲು. ಮರುದಿನ ಅತ್ತೆ ಹೋದವಳು ಬರಲಿಲ್ಲ. ಲೋಕೇಶಣ್ಣನ ತಾಯಿಯ ಮನೆಯಲ್ಲಿ ಒಂದು ಕೋಣೆ ಹಿಡಿದಿರುವುದಾಗಿ ಫೋನು ಬಂತು.

ಆ ಭಾನುವಾರ ಅಪ್ಪ ಅತ್ತೆಯ ಸೀರೆಗಳನ್ನು ಒಂದು ಬ್ಯಾಗಿಗೆ ತುಂಬಿ ನನ್ನ ಕೈಗೆ ಕೊಟ್ಟು ಬಸ್ಸು ಹತ್ತಿಸಿದರು. ತಾವು ಹೋದರೆ ಅಳು ಬಂದೀತೆಂಬ ಹೆದರಿಕೆ ಅವರಿಗೆ. ಅಂಗಡಿಯ ಹಿಂಬದಿಯಲ್ಲಿ, ಬಿಚ್ಚಿಟ್ಟ ಪೆಟ್ಟಿಗೆಗಳ ಮಧ್ಯೆ ಅತ್ತೆ ಕೂತಿದ್ದಳು. ಅಲ್ಲಿ ಫ್ಯಾನಿರಲಿಲ್ಲ. ಬೆನ್ನೆಲ್ಲ ಬೆವರಿನಿಂದ ಒದ್ದೆಯಾಗಿತ್ತು, ಬೆರಳು ಮಾತ್ರ ಮೊದಲಿನಂತೆಯೇ ಓಡುತ್ತಿದ್ದವು. ನಾನು ಬ್ಯಾಗನ್ನು ಕೆಳಗಿಟ್ಟವಳೇ ಅಳಲು ಶುರುಮಾಡಿದೆ. ತೋರಿಸಲಿಲ್ಲ ಎಂದೆ, ಚೀಲದಿಂದ ಹೊರಗೇ ತೆಗೆಯಲಿಲ್ಲ ಎಂದೆ, ಅಂಗಡಿಯವರು ಕೇಳಿದ್ದರು ಎಂದೂ ಹೇಳಿದೆ. ಅತ್ತೆ ಟೈಪ್ ಮಾಡುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು.

"ಯಾಕೆ ಮಗ?"

"ನಾಚ್ಕೆ ಆಯ್ತು."

ಅವಳು ನನ್ನ ಕಣ್ಣೊರೆಸಿದಳು. ಆಮೇಲೆ ಹೇಳಿದಳು, "ನನ್ ಮುಂದೆ ಹೇಳಾದು ಸುಲಭ ಕಣೆ. ನಾನು ಹೊಡೆಯಲ್ಲ, ಬಡಿಯಲ್ಲ. ಅಲ್ಲಿ ಹೇಳು. ನಿಮ್ಮಮ್ಮ ಎಲ್ಲಿ ನಿಂತು ಅಂಗಂದ್ರೋ ಅಲ್ಲೇ ನಿಂತು ಹೇಳು."

ಅಂದು ಮನೆಗೆ ಬಂದವಳು ಸಂಜೆಯ ಊಟದ ಹೊತ್ತಿಗೆ ಅಪ್ಪ ಅಮ್ಮ ಇಬ್ಬರನ್ನೂ ಪರದೆಯ ಹತ್ತಿರ ಕರೆದೆ. ಅಲ್ಲಿ ಯಾಕೆಂದು ಅಮ್ಮ ಕೇಳಿದಳು. ನಾನು ನಿಂತಲ್ಲೇ ಎಲ್ಲ ಹೇಳಿದೆ. ಅಪ್ಪ ಗೋಡೆಗೆ ಒರಗಿದರು. ಅಮ್ಮನ ಮುಖ ಬಿಳುಚಿತು.

"ಆವತ್ತೇ ಯಾಕೆ ಬಾಯ್ಬಿಡ್ಲಿಲ್ಲ?"

"ನೀನು ಅತ್ತೆನ ಬೈತಿದ್ದೆ. ಅದಕ್ಕೆ ಸುಮ್ನಾದೆ."

"ನಂಗೆ ಹತ್ತು ವರ್ಷದ್ದು ಇತ್ತು ಬೈಯ್ಯೋಕೆ," ಎಂದಳು ಅಮ್ಮ. "ನಿಂಗೇನಿತ್ತು?"

ನನ್ನ ಬಳಿ ಉತ್ತರವಿತ್ತು, ಹೇಳಲಿಲ್ಲ. ಅಪ್ಪ ಊಟ ಮಾಡಲಿಲ್ಲ. ಬೆಳಗಾಗುತ್ತಲೇ ಚನ್ನರಾಯಪಟ್ಟಣಕ್ಕೆ ಹೋಗಿ, ಮಧ್ಯಾಹ್ನಕ್ಕೆ ಒಬ್ಬರೇ ವಾಪಸಾದರು. ಅಮ್ಮ ಅಷ್ಟರಲ್ಲಿ ನಾಲ್ಕು ಜನರಿಗೆ ಅವರೆಕಾಳು ಸಾರು ಮಾಡಿ, ಅತ್ತೆ ಮಲಗುತ್ತಿದ್ದ ಜಾಗವನ್ನು ಗುಡಿಸಿ ಸಾರಿಸಿದ್ದಳು.

"ಬರಲ್ವಂತೆ," ಎಂದರು ಅಪ್ಪ. "'ಬೇಜಾರಿಲ್ಲ ಅಣ್ಣಾ, ಆದ್ರೆ ಇನ್ನು ಅಲ್ಲಿಗೆ ಬರಲ್ಲ' ಅಂದ್ಳು. ಅರಕಲಗೂಡಿನ ಪುಸ್ತಕ ಮುಗ್ಸಿ ಅಲ್ಲೇ ಸ್ವಂತಕ್ಕೆ ಅಂಗಡಿ ಬೋರ್ಡ್ ಹಾಕಿಸ್ತಾಳಂತೆ."

ಅಪ್ಪ ನನ್ನನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಆದರೆ ಅಂದಿನಿಂದ ನಾನು ಹೇಳಿದ್ದನ್ನು ಒಂದೇ ಸಲಕ್ಕೆ ನಂಬುವುದನ್ನು ಬಿಟ್ಟರು. ಅಂಕಪಟ್ಟಿ ತಂದು ಕೊಟ್ಟರೆ ಮೇಷ್ಟ್ರ ಸಹಿಯ ಮೇಲೆ ಕಣ್ಣು ಒಂದು ಕ್ಷಣ ಹೆಚ್ಚು ನಿಲ್ಲುತ್ತಿತ್ತು. ಅವರಿಗೆ ತಿಳಿಯದೆಯೇ ನಡೆಯುತ್ತಿದ್ದುದು ಅದು. ಹೊಡೆದಿದ್ದರೆ ಮರೆಯುತ್ತಿದ್ದೆ.

ಕೋಣೆ ಮುಚ್ಚಲಿಲ್ಲ. ಎರಡು ತಿಂಗಳು ಯಂತ್ರದ ಮೇಲೆ ಬಟ್ಟೆ ಹೊದಿಸಿಟ್ಟಿದ್ದರು. ಆಮೇಲೆ ಒಂದು ಬೆಳಗ್ಗೆ ಅಮ್ಮ ಕೈಯೊರೆಸಿಕೊಂಡು ಬಂದು ಅದರ ಮುಂದೆ ಕೂತಳು. ಸರ್ಕಾರದ ಅರ್ಜಿಗಳೆಲ್ಲ ಆನ್‌ಲೈನ್ ಆಗತೊಡಗಿದ್ದ ಕಾಲ. ಇಂಗ್ಲಿಷ್ ಕೀಲಿಮಣೆ ಅವಳ ಬೆರಳಿಗೆ ಮರೆತಿರಲಿಲ್ಲ. ಅಡುಗೆಗೆ ಅಪ್ಪ ಕೈ ಹಾಕಿದರು, ಸಾರಿಗೆ ಉಪ್ಪು ಹೆಚ್ಚಾಗುತ್ತಿತ್ತು, ಯಾರೂ ದೂರಲಿಲ್ಲ. ಅಮ್ಮನಿಗೆ ಬೇಕಾಗಿದ್ದ ಜಾಗ ಸಿಕ್ಕಿತು, ಆದರೆ ಅವಳು ಅಲ್ಲಿ ಕೂತು ಒಂದು ದಿನವೂ ನಿರಾಳವಾಗಿ ನಕ್ಕದ್ದನ್ನು ನಾನು ಕಾಣೆ. ಬಾಗಿಲಲ್ಲಿ ಯಾರಾದರೂ "ಮಂಗಳಮ್ಮೋರಿಲ್ವಾ?" ಎಂದು ಕೇಳಿದರೆ ತಲೆ ಎತ್ತದೆ "ಪಟ್ಟಣದಲ್ಲಿ ಅವ್ರೆ" ಎನ್ನುತ್ತಿದ್ದಳು.

ಮತ್ತು ಸಂಜೆಗಳು ನನ್ನವಾದವು. ಅರ್ಧ ಗಂಟೆಯಲ್ಲ, ಮೂರು ಮೂರು ಗಂಟೆ. ಎರಡು ಕೋರಿನ ಆ ಪ್ರೊಸೆಸರ್ ಮೇಲೆಯೇ ನಾನು ಪ್ರೋಗ್ರಾಮ್ ಬರೆಯಲು ಕಲಿತೆ. ಅದರ ಬಲದ ಮೇಲೆಯೇ ಹಾಸನದಲ್ಲಿ ಡಿಪ್ಲೊಮಾ, ಆಮೇಲೆ ಇಂಜಿನಿಯರಿಂಗ್, ಈಗ ಅದೇ ಊರಿನ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ. ಡಿಪ್ಲೊಮಾದ ಎರಡನೇ ವರ್ಷದ ಪ್ರಯೋಗಾಲಯದಲ್ಲಿ ನಮ್ಮ ಮನೆಯದೇ ಮಾದರಿಯ ಬೋರ್ಡೊಂದನ್ನು ಮೇಜಿನ ಮೇಲೆ ಇಟ್ಟಿದ್ದರು. ಅದರ ಅಂಚಿನಲ್ಲಿ ಎರಡು ಸಾಲು ಪಿನ್ನುಗಳಿದ್ದವು. ಅಗಲವಾದ ಪೋರ್ಟನ್ನು ಹೊರಗೆ ಕೊಟ್ಟಿರದಿದ್ದರೂ ಒಳಗೆ ಅದರ ಬೇರನ್ನು ಉಳಿಸಿದ್ದರು. ಒಂದು ಪಟ್ಟಿ ತಂತಿ ತಂದು ಆ ಪಿನ್ನುಗಳಿಗೆ ಸಿಕ್ಕಿಸಿದ್ದರೆ ಪೋರ್ಟು ಹೊರಗೆ ಬರುತ್ತಿತ್ತು, ಲಾಕೂ ಕೂರುತ್ತಿತ್ತು. ರಜೆಗೆ ಮನೆಗೆ ಹೋದಾಗ ಪೆಟ್ಟಿಗೆ ಬಿಚ್ಚಿ ನೋಡಿದೆ. ಇದ್ದವು. ಬೋರ್ಡಿನ ಜೊತೆ ಬಂದಿದ್ದ ಪುಸ್ತಕದಲ್ಲೂ ಬರೆದಿತ್ತು. ಆ ಪುಸ್ತಕವನ್ನು ಒಂಬತ್ತನೇ ತರಗತಿಯಲ್ಲೇ ನಾನು ಮೂರು ಸಲ ಓದಿದ್ದೆ. ಆ ಪುಟ ನನ್ನ ಕಣ್ಣಿಗೆ ಬೀಳಲಿಲ್ಲವೋ, ಬೀಳಬಾರದೆಂದು ನಾನೇ ಬಯಸಿದ್ದೆನೋ, ಇವತ್ತಿಗೂ ಆಣೆ ಮಾಡಿ ಹೇಳಲಾರೆ.

ಅತ್ತೆ ಹಬ್ಬಕ್ಕೆ ಬರುತ್ತಿದ್ದಳು. ಅಮ್ಮ ಕೊಟ್ಟ ಕಾಫಿ ಕುಡಿದು, ಅಪ್ಪನ ಆರೋಗ್ಯ ವಿಚಾರಿಸಿ, ಸಂಜೆಯ ಬಸ್ಸಿಗೆ ಹೊರಡುತ್ತಿದ್ದಳು. ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ಬಹಳ ಮರ್ಯಾದೆಯಿಂದ ಮಾತಾಡಿಸುತ್ತಿದ್ದರು. ಅದು ಜಗಳಕ್ಕಿಂತ ಕಷ್ಟವಾಗಿತ್ತು.

ನನಗೆ ಕೆಲಸ ಸಿಕ್ಕ ವಾರ ಸಿಹಿಯ ಡಬ್ಬಿ ಹಿಡಿದು ಚನ್ನರಾಯಪಟ್ಟಣಕ್ಕೆ ಹೋದೆ. ಅತ್ತೆಯದು ಈಗ ಸ್ವಂತ ಅಂಗಡಿ. ಮೂರು ಯಂತ್ರ, ಟೈಪಿಂಗ್ ಕಲಿಯುವ ಐದಾರು ಹೆಣ್ಣುಮಕ್ಕಳು. ಕೂದಲು ಪೂರ್ತಿ ನರೆತಿತ್ತು. ಮಧ್ಯಾಹ್ನದ ಊಟಕ್ಕೆಂದು ಮಕ್ಕಳನ್ನು ಕಳಿಸಿ, ಹಿಂದಿನ ಕೋಣೆಯಲ್ಲಿ ನನಗೂ ತಟ್ಟೆ ಹಾಕಿದಳು. ಸಿಹಿಯನ್ನು ಲಿಂಗಕ್ಕೆ ತೋರಿಸಿ ಬಾಯಿಗೆ ಹಾಕಿಕೊಂಡಳು. ಆಮೇಲೆ, ಯಾವುದೋ ಸಾಮಾನ್ಯ ವಿಷಯ ಕೇಳುವವಳಂತೆ ಕೇಳಿದಳು.

"ಅವತ್ತು ನಾಚ್ಕೆ ಆಯ್ತು ಅಂದಿದ್ದೆ. ಅಷ್ಟೇನಾ?"

ಅಮ್ಮ ಕೇಳಿದ್ದಕ್ಕೆ ಕೊಡದ ಉತ್ತರವನ್ನು ಅಲ್ಲಿ ಕೊಟ್ಟೆ.

"ಇಲ್ಲ ಅತ್ತೆ. ಆ ಪ್ರೊಸೆಸರ್ ನಂಗೆ ಬೇಕಿತ್ತು. ನಂಗೋಸ್ಕರ ಆರಿಸ್ದೆ. ನಿಮ್ಮ ಲಾಕು ಕೂರಲ್ಲ ಅಂತ ಗೊತ್ತಿದ್ದೇ ಆರಿಸ್ದೆ."

ಅವಳು ತಲೆಯಾಡಿಸಿದಳು. ಕೋಪವೇನೂ ಕಾಣಲಿಲ್ಲ, ಆಶ್ಚರ್ಯವೂ ಕಾಣಲಿಲ್ಲ. ನಾನು ಕಾಯುತ್ತ ಕೂತೆ. ಏನನ್ನು ಕಾಯುತ್ತಿದ್ದೇನೆಂದು ಅವಳಿಗೆ ತಿಳಿಯಿತು.

"ಓಗ್ಲಿ ಬುಡು, ಅದ್ರಿಂದ ನಿಂಗೆ ವಿದ್ಯೆ ಬಂತು, ನಂಗೆ ಸ್ವಂತ ಅಂಗ್ಡಿ ಆಯ್ತು, ಎಲ್ಲ ಒಳ್ಳೇದಕ್ಕೇ ಆಯ್ತು ಅಂತೀನಿ ಅನ್ಕಂಡು ಕೂತಿದ್ದೀಯಾ?" ಎಂದಳು. "ಅನ್ನಲ್ಲ ಕಣೆ. ನಮ್ಮಣ್ಣನ ಮನೆ ಅದು. ನಂಗೆ ಅಲ್ಲೇ ಇರ್ಬೇಕಿತ್ತು."

ನಾನು ತಲೆ ತಗ್ಗಿಸಿದೆ. ಅವಳು ಮುದ್ದೆಯನ್ನು ನನ್ನ ತಟ್ಟೆಗಿಟ್ಟು, ನಡುವೆ ಗುಳಿ ಮಾಡಿ ತುಪ್ಪ ಹಾಕಿದಳು.

"ಉಣ್ಣು. ಆರೋಯ್ತದೆ."